ಕೇಳದೆ ತರುವ ಕದಿರು

ನನಗೆ ಅವರ ಮುಖಕ್ಕಿಂತ ಬೆನ್ನಿನ ಪರಿಚಯವೇ ಹೆಚ್ಚು. ಬಿಳಿ ಬನಿಯನ್, ಹೆಗಲ ಮೇಲೆ ಮಡಚಿ ಹಾಕಿದ ಟವೆಲು, ತಲೆಯ ಮೇಲೆ ಮಾಸಿದ ಟೋಪಿ, ಬಲಗಡೆಗೆ ಕೊಂಚ ವಾಲಿದ ಭುಜ. ಡೊಂಬಿವಲಿ ಪಶ್ಚಿಮದಲ್ಲಿ ಕಟ್ಟಡಗಳ ಸಾಲು ಮುಗಿದು ಖಾಡಿ ಶುರುವಾಗುವ ಕಡೆ, ಗದ್ದೆಯ ಬದುವಿನ ಮೇಲೆ, ವರ್ಷಕ್ಕೆ ಒಂದೇ ಒಂದು ಬೆಳಿಗ್ಗೆ ನಾನು ಈ ಬೆನ್ನನ್ನು ನೋಡುತ್ತಾ ಬೆಳೆದವಳು. ಸಮುದ್ರದ ಉಬ್ಬರ ಒಳಗೆ ನುಗ್ಗಿ ಬಂದು ಇಳಿಯುವ ಹೊಳೆಗೆ ಇಲ್ಲಿಯವರು ಖಾಡಿ ಎನ್ನುತ್ತಾರೆ. ಆ ಖಾಡಿಯ ಕಡೆಗೆ ಮುಖ, ನಮ್ಮ ಕಡೆಗೆ ಬೆನ್ನು. ಬೀಡಿಯ ಹೊಗೆ ಭುಜದ ಮೇಲಿಂದ ಹಿಂದಕ್ಕೆ ಬರುತ್ತಿತ್ತು. ಈಗಲೂ ಲೋಕಲ್ ಗಾಡಿಯಲ್ಲಿ ಯಾರದೋ ಅಂಗಿಯಿಂದ ಬೀಡಿಯ ವಾಸನೆ ಬಂದರೆ ನನಗೆ ಹಸಿ ಭತ್ತದ ವಾಸನೆಯೂ ಬಂದಂತಾಗುತ್ತದೆ.

ನಾವು ಕುಂದಾಪುರದ ಕಡೆಯವರು. ನಮ್ಮಲ್ಲಿ ನವರಾತ್ರಿಯ ಹೊತ್ತಿಗೆ ಹೊಸ್ತು ಮಾಡುತ್ತಾರೆ. ಗದ್ದೆಯಿಂದ ಹೊಸ ಭತ್ತದ ತೆನೆ, ನಮ್ಮ ಮಾತಿನಲ್ಲಿ ಕದಿರು, ತಂದು ಮಾವಿನೆಲೆ ಹಲಸಿನೆಲೆಗಳ ಜೊತೆ ಸೇರಿಸಿ ಬಾಗಿಲಿಗೆ, ಬಾವಿಗೆ, ನೇಗಿಲಿಗೆ, ಹುಲ್ಲಿನಲ್ಲಿ ಬಿಗಿದ ಅಕ್ಕಿಯ ಮುಡಿಗೆ ಕಟ್ಟುವುದು. ನಾಲ್ಕು ಕಾಳು ಸುಲಿದು ಪಾಯಸಕ್ಕೆ ಹಾಕಿ ಉಣ್ಣುವುದು. ಉಣ್ಣುವ ಮೊದಲು ಮನೆಯ ಕಿರಿಯರು ಹಿರಿಯರನ್ನು ಕೇಳಬೇಕು, ‘ಹೊಸ್ತ್ ಉಣ್ಲಾ?’ ಎಂದು. ಹಿರಿಯರು ‘ಉಣ್ಣ್’ ಎಂದರೆ ಮಾತ್ರ ತುತ್ತು ಎತ್ತುವುದು. ಇಷ್ಟು ಎಲ್ಲರ ಮನೆಯಲ್ಲೂ ಇರುವುದೇ. ನಮ್ಮ ಮನೆತನದಲ್ಲಿ ಇದರ ಮೇಲೆ ಇನ್ನೊಂದು ಕಟ್ಟಳೆ ಇತ್ತು. ಕದಿರನ್ನು ಬೇರೆಯವರ ಗದ್ದೆಯಿಂದ, ಅವರನ್ನು ಕೇಳದೆ ತರಬೇಕು. ಕೇಳಿದರೆ ಗದ್ದೆಯವನು ಕೊಟ್ಟ ಹಾಗಾಯಿತು, ಕದಿರು ಭೂಮಿಯೇ ಕೊಡಬೇಕಾದದ್ದು ಎಂದು ಅಪ್ಪ ಹೇಳುತ್ತಿದ್ದರು. ಉಣ್ಣುವುದಕ್ಕೆ ಅಷ್ಟೆಲ್ಲ ಕೇಳುವ ನಾವು ತರುವುದಕ್ಕೆ ಮಾತ್ರ ಕೇಳಬಾರದು! ಇದರ ನ್ಯಾಯ ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ, ಬಗೆಹರಿಯಬೇಕು ಎಂಬ ಆಸೆಯೂ ಈಗ ಉಳಿದಿಲ್ಲ.

ಊರಿನಲ್ಲಾದರೆ ಅದು ನಡೆಯುತ್ತದೆ. ಪಕ್ಕದ ಗದ್ದೆಯವನು ನಿಮ್ಮದರಿಂದ ತರುತ್ತಾನೆ, ನೀವು ಅವನದರಿಂದ. ಡೊಂಬಿವಲಿಯ ಒಂದೂವರೆ ಕೋಣೆಯ ಮನೆಯಲ್ಲಿ ಬಾವಿ ಎಲ್ಲಿ, ನೇಗಿಲು ಎಲ್ಲಿ? ಠಾಣೆ ಊರಿನ ಒಂದು ಪ್ರೆಸ್ಸಿನಲ್ಲಿ ಅಚ್ಚಿನ ಕೆಲಸ ಮಾಡುತ್ತಿದ್ದ ಅಪ್ಪ ಇಂಥದ್ದಕ್ಕೆಲ್ಲ ಹಿಂಜರಿಯುವವರಲ್ಲ. ಬಾವಿಯ ಬದಲು ನಲ್ಲಿಗೆ ಕಟ್ಟಿದರು. ಅಕ್ಕಿಯ ಡಬ್ಬಕ್ಕೆ, ಗ್ಯಾಸ್ ಸಿಲಿಂಡರಿನ ಕುತ್ತಿಗೆಗೆ, ಅಮ್ಮನ ಹೊಲಿಗೆ ಯಂತ್ರಕ್ಕೆ, ಕರೆಂಟಿನ ಮೀಟರಿಗೆ ಕಟ್ಟಿದರು. ಕೊನೆಗೆ ಉಳಿದ ಒಂದು ಕದಿರನ್ನು ಮಡಚಿ ತಮ್ಮ ರೈಲು ಪಾಸಿನ ಕವರಿನೊಳಗೆ ಸಿಕ್ಕಿಸಿಕೊಂಡರು. ನಮಗೆ ಅನ್ನ ಕೊಡುವುದು ಯಾವುದೋ ಅದಕ್ಕೆ ಕಟ್ಟಬೇಕಲ್ಲ, ನನಗೆ ಅನ್ನ ಕೊಡುವುದು ಈ ಸೆಂಟ್ರಲ್ ಲೈನು ಎನ್ನುತ್ತಿದ್ದರು. ಟಿಕೆಟು ನೋಡುವವರು ಪಾಸು ಕೇಳಿದಾಗೆಲ್ಲ ನಾಲ್ಕು ಭತ್ತದ ಕಾಳು ಅವರ ಅಂಗೈಗೆ ಉದುರುತ್ತಿತ್ತಂತೆ.

ಮೊದಲ ವರ್ಷವೇ ಅಪ್ಪ ಸಿಕ್ಕಿಬಿದ್ದಿದ್ದರು. ನಾನಿನ್ನೂ ಹುಟ್ಟಿರಲಿಲ್ಲ, ಆದರೆ ಅಪ್ಪ ಅದನ್ನು ಎಷ್ಟು ಸಲ ಹೇಳಿದ್ದರೆಂದರೆ ನಾನೇ ಬದುವಿನ ಮೇಲೆ ನಿಂತು ನೋಡಿದ ಹಾಗಿದೆ. ಬೆಳಕು ಹರಿಯುವ ಮೊದಲು ಸ್ಟೇಷನ್ ದಾಟಿ, ಖಾಡಿಯ ಕಡೆ ನಡೆದು, ಕಣ್ಣಿಗೆ ಬಿದ್ದ ಮೊದಲ ಗದ್ದೆಗೆ ಇಳಿದು ಕದಿರಿಗೆ ಕೈ ಹಾಕಿದ್ದಾರೆ. ಹಿಂದಿನಿಂದ ಯಾರೋ ರಟ್ಟೆ ಹಿಡಿದರು. ಕೈಯಲ್ಲಿ ಕುಡುಗೋಲು, ಸುಮಾರು ಅಪ್ಪನದೇ ವಯಸ್ಸಿನ ಆಗ್ರಿ ರೈತ. ಈ ಖಾಡಿಯ ಉದ್ದಕ್ಕೂ ಭತ್ತ, ಉಪ್ಪು, ಮೀನು ನಂಬಿ ಬದುಕಿದವರು ಆಗ್ರಿಗಳು, ಮಾತು ಕಡಿಮೆ, ಸಿಟ್ಟು ಬೇಗ. ಅಪ್ಪ ತಮ್ಮ ಹರಕು ಮರಾಠಿಯಲ್ಲಿ ದೇವರು, ಊರು, ಬಾಗಿಲು, ಪಾಯಸ ಎಂದೆಲ್ಲ ಹೇಳಿದರು. ಹೋಗಲಿ, ಕೇಳಿ ತೆಗೆದುಕೋ, ನಾನೇ ಕೊಡುತ್ತೇನೆ ಎಂದರಂತೆ ಅವರು. ಕೇಳಬಾರದು, ನೀವು ಕೊಡಲೂಬಾರದು, ಅದೇ ಕಷ್ಟ ಎಂದರು ಅಪ್ಪ. ಅವರು ಅಪ್ಪನ ಮುಖವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ರಟ್ಟೆ ಬಿಟ್ಟು, ಖಾಡಿಯ ಕಡೆಗೆ ತಿರುಗಿ ನಿಂತು ಒಂದು ಬೀಡಿ ಹಚ್ಚಿದರು. ನಾನು ನೋಡಿಲ್ಲ ಎಂದರು.

ಅದೇ ಮುಂದೆ ಪದ್ಧತಿಯಾಯಿತು. ಪ್ರತಿ ನವರಾತ್ರಿಯಲ್ಲೂ ಆ ಬೆಳಿಗ್ಗೆ ಅವರು ಬದುವಿನ ಮೇಲೆ ಬಂದು ಬೆನ್ನು ಮಾಡಿ ನಿಂತಿರುತ್ತಿದ್ದರು. ನಾವು ಬರುವುದು ಅವರಿಗೆ ಗೊತ್ತು, ಅವರಿಗೆ ಗೊತ್ತಿರುವುದು ನಮಗೆ ಗೊತ್ತು. ಶಾಲೆಗೆ ಹೋಗುವ ವಯಸ್ಸಿಗೆ ನಾನೂ ಅಪ್ಪನ ಹಿಂದೆ ಹೊರಟೆ. ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬದುವಿನ ಮೇಲೆ ನಿಲ್ಲುವುದು ನನ್ನ ಕೆಲಸ. ಕೆಸರಿನಲ್ಲಿ ಅಪ್ಪನ ಕಾಲು ಪಚಪಚ ಎನ್ನುವುದು, ಕದಿರು ಮುರಿಯುವಾಗಿನ ಸಣ್ಣ ಸದ್ದು, ದೂರದಲ್ಲಿ ದಿವಾ ಸ್ಟೇಷನ್ ಕಡೆಯ ಗಾಡಿ. ಮುಗಿದ ಮೇಲೆ ಅಪ್ಪ ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ಅವರು ಬೀಡಿ ಎಸೆದು, ನಮ್ಮ ಕಡೆ ನೋಡದೆಯೇ ಬದು ಹಿಡಿದು ಹೋಗಿಬಿಡುತ್ತಿದ್ದರು. ಬೇರೆ ದಿನ ಮಾರ್ಕೆಟ್ಟಿನಲ್ಲಿ ಎದುರಾದರೆ ಅಪ್ಪನನ್ನು ‘ಕಾಯ್ ಅಣ್ಣಾ’, ಏನಣ್ಣ, ಎಂದು ಮಾತಾಡಿಸುತ್ತಿದ್ದರು, ನನ್ನನ್ನು ‘ಪೋರಿ’ ಎಂದು ಕರೆದು ಚಿಕ್ಕು ಕೊಡುತ್ತಿದ್ದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕದಿರಿನ ಮಾತು ಮಾತ್ರ ಎಂದೂ ಬರುತ್ತಿರಲಿಲ್ಲ. ಇಬ್ಬರು ಬೆಳೆದ ಗಂಡಸರು ವರ್ಷವಿಡೀ ಒಂದು ಆಟವನ್ನು ಇಷ್ಟು ಗಂಭೀರವಾಗಿ ಆಡಬಲ್ಲರು ಎಂದು ಅಮ್ಮ ನಗುತ್ತಿದ್ದರು. ಅಮ್ಮ ಗದ್ದೆಗೆ ಎಂದೂ ಬಂದವರಲ್ಲ. ಪಾಯಸಕ್ಕೆ ಕಾಯಿ ತುರಿಯುವುದು ಬಿಟ್ಟು ಎಲ್ಲಿಗೆ ಬರುವುದು ಎನ್ನುತ್ತಿದ್ದರು.

ಅಪ್ಪ ತೀರಿಕೊಂಡದ್ದು ಒಂದು ಮಳೆಗಾಲದ ಕೊನೆಗೆ. ಆ ವರ್ಷ ಸೂತಕವೆಂದು ಹೊಸ್ತು ಇರಲಿಲ್ಲ. ಮರು ವರ್ಷ ನಾನೊಬ್ಬಳೇ ಹೋದೆ. ಅಷ್ಟರಲ್ಲಿ ನನಗೆ ಮದುವೆಯಾಗಿ, ಮಗಳು ಹುಟ್ಟಿ, ಅವಳೊಂದಿಗೆ ತವರಿನಲ್ಲೇ ನೆಲೆಸಿ, ಠಾಣೆಯ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಹಳತಾಗಿತ್ತು. ಕಾಕಾ ಎಂದಿನಂತೆ ಖಾಡಿಗೆ ಮುಖ ಮಾಡಿ ನಿಂತಿದ್ದರು. ನಾನು ಗದ್ದೆಗೆ ಇಳಿದೆ. ಚಪ್ಪಲಿ ಹಿಡಿದುಕೊಳ್ಳುವವರು ಯಾರೂ ಇರಲಿಲ್ಲ, ಬದುವಿನ ಮೇಲೆಯೇ ಬಿಟ್ಟೆ. ಕದಿರು ಮುರಿದು ಮೇಲೆ ಬಂದು ಕೆಮ್ಮಿದೆ. ಅಪ್ಪನ ಕೆಮ್ಮಿಗೆ ಬೆನ್ನು ಯಾವಾಗಲೂ ಬದು ಹಿಡಿದು ಹೋಗುತ್ತಿತ್ತು, ಈ ಸಲ ಹೋಗಲಿಲ್ಲ. ‘ಅಣ್ಣಾ ಕುಠೆ?’ ಎಂದು ಕೇಳಿದರು, ತಿರುಗದೆಯೇ. ಅಪ್ಪ ಎಲ್ಲಿ ಎಂಬ ಪ್ರಶ್ನೆಗೆ ನಾನು ಬಗ್ಗಿ, ಬದುವಿನ ಮೇಲೆ ಬಿಟ್ಟಿದ್ದ ಚಪ್ಪಲಿಯನ್ನು ಕೈಗೆತ್ತಿಕೊಂಡೆ. ಅವರು ತಲೆಯಿಂದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ತಲೆ ಅಷ್ಟು ಬೆಳ್ಳಗಾಗಿದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆ ದಿನ ಮನೆಯಲ್ಲಿ ಅಮ್ಮ ಪಾಯಸ ಬಡಿಸಿಕೊಂಡು ತುತ್ತು ಎತ್ತದೆ ಕೂತರು. ಪ್ರತಿ ವರ್ಷ ಅಮ್ಮ ಅಪ್ಪನನ್ನು ಕೇಳುತ್ತಿದ್ದರು, ನಾನು ಅಮ್ಮನನ್ನು, ನನ್ನ ಮಗಳು ನನ್ನನ್ನು. ಈಗ ಮನೆಗೆ ಹಿರಿಯರು ಅಮ್ಮನೇ. ‘ನಂಗೆ ಕೇಂಬುಕೆ ಇನ್ನ್ ಯಾರಿದ್ರ್?’ ಎಂದರು, ತಟ್ಟೆಯನ್ನೇ ನೋಡುತ್ತಾ. ಮತ್ತೆ ಯಾರನ್ನೂ ಕೇಳದೆ ಉಂಡರು. ಆಮೇಲಿನ ವರ್ಷಗಳಲ್ಲೂ ಹಾಗೆಯೇ ನಡೆಯಿತು. ಅಮ್ಮ ಅದನ್ನು ಮತ್ತೆಂದೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಮೊದಲ ತುತ್ತಿಗೆ ಮುಂಚೆ ಅವರ ಕೈ ತಟ್ಟೆಯ ಮೇಲೆ ಒಂದು ಗಳಿಗೆ ನಿಂತೇ ಇರುತ್ತಿತ್ತು. ನಾನು ಅದನ್ನು ಕಂಡೂ ಕಾಣದ ಹಾಗೆ ಮಗಳಿಗೆ ಇನ್ನಷ್ಟು ಬಡಿಸುತ್ತಿದ್ದೆ.

ಗದ್ದೆಯ ಸುತ್ತ ಏನೇನೋ ಬದಲಾಗುತ್ತಿತ್ತು. ಮೇಲಿನ ಕಾರ್ಖಾನೆಗಳ ನೀರು ಸೇರಿ ಖಾಡಿ ಕೆಲವು ದಿನ ಬೇರೆಯೇ ಬಣ್ಣದಲ್ಲಿರುತ್ತಿತ್ತು. ಉಬ್ಬರ ಜೋರಾದರೆ ಅದೇ ನೀರು ಬದು ಹಾರಿ ಭತ್ತದ ಬುಡಕ್ಕೆ ಬರುತ್ತಿತ್ತು. ಒಂದು ವರ್ಷ ಕದಿರು ಕಟ್ಟಿದ ಮೇಲೆ ಕೈಯಿಂದ ಔಷಧದಂಥ ನಾತ ಹೋಗಲೇ ಇಲ್ಲ. ಅಮ್ಮ ನಾಲ್ಕು ಕಾಳಿನ ಬದಲು ಒಂದೇ ಕಾಳು ಹಾಕಿ ಪಾಯಸ ಮಾಡಿದರು. ಹೀಗಿರುವಾಗ ಆ ಪಟ್ಟಿಯ ಜಮೀನಿಗೆಲ್ಲ ಹೊಸ ನಿಯಮದ ಕರಡು ಬಂತು. ಖಾಡಿಯ ನೀರು ನುಗ್ಗುವ ಗದ್ದೆಗಳಲ್ಲಿ ತಿನ್ನುವ ಬೆಳೆ ಬೆಳೆಯಬಾರದು, ಅಲ್ಲಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ನೆಟ್ಟು ಹಸಿರು ಪಟ್ಟಿ ಮಾಡಬೇಕು ಎಂದು. ನನಗೆ ಕಾಂಡ್ಲಾ ಮೇಲೆ ಏನೂ ಸಿಟ್ಟಿಲ್ಲ, ನಮ್ಮ ಕುಂದಾಪುರದ ಹೊಳೆಯ ಬಾಯಲ್ಲೂ ಅದೇ ಇರುವುದು. ನೀರಿನ ವಿಷಯದಲ್ಲೂ ಕರಡು ಸುಳ್ಳು ಹೇಳಿರಲಿಲ್ಲ. ಆದರೆ ನೀರು ಕೆಡಿಸಿದವರನ್ನು ಬಿಟ್ಟು ನೀರು ಕುಡಿದ ಗದ್ದೆಯನ್ನು ಹಿಡಿದುಕೊಂಡಿದ್ದು ನೋಡಿ ನನ್ನ ಮೈ ಉರಿಯಿತು.

ಆ ವರ್ಷ ನಾನು ಕದಿರು ಮುರಿದು ಕೆಮ್ಮಿದಾಗ ಕಾಕಾ ಮತ್ತೆ ಹೋಗದೆ ನಿಂತರು. ಖಾಡಿಗೆ ಹೇಳುವವರ ಹಾಗೆ ಹೇಳಿದರು. ಊರಿನ ಸಮಾಜ ಮಂದಿರದಲ್ಲಿ ಜನಸುನಾವಣಿ ಇಟ್ಟಿದ್ದಾರೆ, ಸರ್ಕಾರದವರು ಬಂದು ಜನರ ಆಕ್ಷೇಪಣೆ ಕೇಳುತ್ತಾರೆ. ಈ ಗದ್ದೆಯ ಅಕ್ಕಿಯನ್ನು ಈಗ ಯಾರೂ ತಿನ್ನುವುದಿಲ್ಲ, ಜಮೀನು ಯಾರಿಗೂ ಬೇಡವಾಗಿದೆ ಎಂದು ಅವರ ವರದಿಯಲ್ಲಿ ಬರೆದಿದೆ. ನಾವು ತಿನ್ನುತ್ತೇವೆ ಎಂದು ನಾವೇ ಹೇಳಿದರೆ ನಂಬುವುದಿಲ್ಲ, ಹೊರಗಿನವರು ಯಾರಾದರೂ ಹೇಳಬೇಕು. ಪೋರಿ, ನೀನು ಆಫೀಸಿನವಳು, ಬಂದು ಹೇಳುತ್ತೀಯಾ? ನಾನು ಆಗಲಿ ಎಂದೆ. ಅವರು ನನ್ನಲ್ಲಿ ಎಂದಾದರೂ ಏನನ್ನಾದರೂ ಬೇಡಿದ್ದು ಅದೊಂದೇ.

ರಜೆ ಹಾಕಿ ಹೋದೆ. ಪತ್ತಲ ಉಟ್ಟು, ಕಚೇರಿಯ ಗುರುತಿನ ಚೀಟಿಯನ್ನೂ ಇರಲಿ ಎಂದು ಚೀಲಕ್ಕೆ ಹಾಕಿಕೊಂಡು ಹೋದೆ. ಸಮಾಜ ಮಂದಿರದಲ್ಲಿ ಮದುವೆಗೆ ಹಾಕುವಂಥ ಕೆಂಪು ಕುರ್ಚಿಗಳು, ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಮೇಜು, ಮೇಜಿನ ಮೇಲೆ ನೀರಿನ ಬಾಟಲಿ. ಒಂದು ಮೂಲೆಯಲ್ಲಿ ಇಂಗ್ಲಿಷಿನ ದಪ್ಪ ವರದಿಯನ್ನು ಯಾರು ಬೇಕಾದರೂ ಓದಬಹುದು ಎಂದು ದಾರ ಕಟ್ಟಿ ಇಟ್ಟಿದ್ದರು. ಯಾರೂ ಓದುತ್ತಿರಲಿಲ್ಲ, ಒಂದು ಬೆಕ್ಕು ಅದರ ಪಕ್ಕ ಮಲಗಿತ್ತು. ಅಧ್ಯಕ್ಷತೆ ವಹಿಸಿದ ಅಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಒಳ್ಳೆಯವಳ ಹಾಗೆ ಕಂಡಳು. ಎಲ್ಲರಿಗೂ ಕೈಮುಗಿದು, ಹಿರಿಯರಿಗೆ ಮುಂದಿನ ಸಾಲು ಬಿಡಿಸಿ, ಯಾರನ್ನೂ ಅರ್ಧದಲ್ಲಿ ತಡೆಯದೆ ಕೇಳುತ್ತಿದ್ದಳು. ಕೆಟ್ಟವಳಾಗಿದ್ದರೆ ಈಗ ಬಯ್ಯಲಾದರೂ ಸುಲಭವಾಗುತ್ತಿತ್ತು.

ಒಬ್ಬೊಬ್ಬರೇ ರೈತರು ಮಾತಾಡಿದರು. ಸಾತ್‌ಬಾರಾ, ಅಂದರೆ ಜಮೀನಿನ ಪಹಣಿ, ಕೈಯಲ್ಲಿ ಹಿಡಿದೇ ಮೈಕಿನ ಮುಂದೆ ಬರುತ್ತಿದ್ದರು. ಕಾಕಾ ಅಂದು ಬಿಳಿ ಅಂಗಿ ಹಾಕಿ, ಟೋಪಿಗೆ ಗಂಜಿ ಹಾಕಿಸಿಕೊಂಡು ಬಂದಿದ್ದರು. ಅವರ ಸರದಿ ಬಂದಾಗ ಎರಡೇ ಮಾತು ಹೇಳಿದರು. ನಮ್ಮ ಅಕ್ಕಿ ನಾವು ತಿನ್ನುತ್ತೇವೆ, ಹೊರಗಿನವರೂ ತಿನ್ನುತ್ತಾರೆ, ಕೇಳಿ ನೋಡಿ ಎಂದು ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ಹೋದೆ. ನಿಮ್ಮ ಸಾತ್‌ಬಾರಾ ಎಲ್ಲಿದೆ ಎಂದು ಮೇಜಿನ ಕೊನೆಯಲ್ಲಿದ್ದ ಗುಮಾಸ್ತ ಕೇಳಿದ. ನಾನು ಈ ಊರಿನ ರೈತಳಲ್ಲ, ಈ ಅಕ್ಕಿ ಉಣ್ಣುವವಳು ಎಂದೆ. ಅಧಿಕಾರಿಗೆ ಕುತೂಹಲ ಬಂತು. ಇವರು ನಿಮಗೆ ಮಾರುತ್ತಾರೆಯೇ ಎಂದಳು. ಇಲ್ಲ ಎಂದೆ. ಹಾಗಾದರೆ ಸುಮ್ಮನೆ ಕೊಡುತ್ತಾರೆಯೇ? ಇಲ್ಲ, ಕೊಡುವುದಿಲ್ಲ. ನೀವು ಕೇಳುತ್ತೀರೋ? ಇಲ್ಲ, ಕೇಳಬಾರದು. ಮತ್ತೆ ಹೇಗೆ ಸಿಗುತ್ತದೆ? ನಾನು ನಿಜವನ್ನೇ ಹೇಳಿದೆ. ಬೆಳಗಾಗುವಾಗ ಹೋಗಿ ಕೇಳದೆ ತರುತ್ತೇವೆ, ನನ್ನ ತಂದೆಯ ಕಾಲದಿಂದಲೂ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನಾನು ಹೊಸ್ತು, ಕದಿರು, ಗ್ಯಾಸ್ ಸಿಲಿಂಡರು ಎಂದೆಲ್ಲ ಬಿಡಿಸಿ ಹೇಳಲು ಹೊರಟೆ. ಹೇಳಿದಷ್ಟೂ ನಗೆ ಹೆಚ್ಚಾಯಿತು.

ಅಧಿಕಾರಿ ಮಾತ್ರ ನಗಲಿಲ್ಲ. ಕಾಕಾನ ಕಡೆ ತಿರುಗಿ, ಇವರು ನಿಮ್ಮ ಗದ್ದೆಯಿಂದ ಭತ್ತ ಒಯ್ಯುವುದನ್ನು ನೀವು ನೋಡಿದ್ದೀರಾ, ಅದಕ್ಕೆ ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳಿದಳು. ಹೌದು ಎಂಬ ಒಂದು ಮಾತು ಸಾಕಿತ್ತು. ಅವರು ಎದ್ದು ನಿಂತರು. ನನ್ನನ್ನು ಒಮ್ಮೆ ನೋಡಿದರು. ಆಮೇಲೆ ಕಿಟಕಿಯ ಕಡೆ, ಖಾಡಿ ಇದ್ದ ಕಡೆಗೆ, ಮುಖ ತಿರುಗಿಸಿದರು.

‘ಮೀ ಕಧೀಚ್ ನಾಯ್ ಬಘಿತಲಾ,’ ಎಂದರು. ನಾನು ಎಂದೂ ನೋಡಿಲ್ಲ.

ನನಗೆ ಒಂದು ಕ್ಷಣ ಕೆಟ್ಟ ಸಿಟ್ಟು ಬಂತು. ನನ್ನನ್ನು ಕರೆಸಿ, ಊರ ಮುಂದೆ ಕಳ್ಳಿಯನ್ನಾಗಿ ಮಾಡಿದರಲ್ಲ ಎಂದು. ಆದರೆ ಮೈಕಿನ ಮುಂದಿನಿಂದ ನನ್ನ ಕುರ್ಚಿಗೆ ನಡೆದು ಬರುವಷ್ಟರಲ್ಲಿ ಆ ಸಿಟ್ಟು ಕರಗಿಹೋಯಿತು. ನೋಡಿದ್ದೇನೆ ಎಂದರೆ ಅಷ್ಟು ವರ್ಷಗಳ ಕದಿರೆಲ್ಲ ಅವರು ಕೊಟ್ಟದ್ದೆಂದು ಆಗಿಬಿಡುತ್ತಿತ್ತು. ನೋಡಿಲ್ಲ ಎನ್ನುವುದು ಅಪ್ಪನಿಗೆ ಕೊಟ್ಟ ಮಾತು. ಅವರು ಗದ್ದೆಯನ್ನು ಉಳಿಸಿಕೊಳ್ಳಲು ಬಂದವರು, ಆ ಮಾತನ್ನು ಉಳಿಸಿಕೊಂಡು ಕೂತರು. ಪಕ್ಕದ ಕುರ್ಚಿಯಲ್ಲೇ ಇದ್ದರೂ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಚಹಾ ಬಂದಾಗ ಅವರು ನನ್ನ ಲೋಟವನ್ನು ತಾವೇ ತೆಗೆದು ನನ್ನ ಕೈಗೆ ಕೊಟ್ಟರು.

ಸಭೆಯ ನಡಾವಳಿಯನ್ನು ಆಮೇಲೆ ಊರಿನ ಕಚೇರಿಯ ಹೊರಗೆ ಅಂಟಿಸಿದ್ದರು. ನಮ್ಮ ಮಾತುಗಳಿಗೆ ಅದರಲ್ಲಿ ಸಿಕ್ಕಿದ್ದು ಒಂದು ಸಾಲು. ಹೊರಗಿನವರಿಂದ ಬೆಳೆಯ ಕಳವು ಆಗುತ್ತಿದೆಯೆಂದು ದೂರು, ಬಂದೋಬಸ್ತ್ ಮಾಡತಕ್ಕದ್ದು. ನಾನು ಅದನ್ನು ಓದಿ ನಕ್ಕೆ. ಮನೆಗೆ ಬಂದು ಅಮ್ಮನಿಗೆ ಹೇಳುವಾಗ ಅಳು ಬಂತು. ಸರ್ಕಾರದಲ್ಲಿ ಎಲ್ಲ ಕೆಲಸ ನಿಧಾನ ಎನ್ನುತ್ತಾರಲ್ಲ, ಈ ಒಂದು ಕೆಲಸ ಮಾತ್ರ ಚುರುಕಾಗಿ ಆಯಿತು. ಮಳೆಗಾಲಕ್ಕೆ ಮುಂಚೆಯೇ ಸಿಮೆಂಟಿನ ಕಂಬ ನೆಟ್ಟು ತಂತಿ ಬೇಲಿ ಎಳೆದರು. ನಿಯಮ ಹೇಗೂ ಬರುವುದಿತ್ತು, ಬಂತು. ಬೇಲಿಯೊಳಗೆ ಆ ವರ್ಷ ಭತ್ತದ ಸಸಿಯ ಬದಲು ಕಾಂಡ್ಲಾದ ಸಸಿಗಳು ಕೂತವು. ಕಾಕಾನಂಥವರಿಗೆ ಪರಿಹಾರವೆಂದು ಏನೋ ಬಂತಂತೆ. ನಾನು ಕೇಳಲಿಲ್ಲ. ಮಾರ್ಕೆಟ್ಟಿನಲ್ಲೂ ಅವರು ಕಾಣಿಸುವುದು ನಿಂತಿತು.

ಆ ನವರಾತ್ರಿಯಲ್ಲಿ ನಾನು ಅಭ್ಯಾಸಬಲದಿಂದ ಬೆಳಗಾಗುವ ಮೊದಲೇ ಎದ್ದು ಅಲ್ಲಿಗೆ ಹೋದೆ. ಬೇಲಿಯ ಹೊರಗೆ ನಿಂತೆ. ಬದು ಹಾಗೆಯೇ ಇತ್ತು, ಬೆನ್ನು ಇರಲಿಲ್ಲ. ಒಮ್ಮೆ ಕೆಮ್ಮಿ ನೋಡಿದೆ. ಐವತ್ತು ದಾಟಿದ ಹೆಂಗಸು ಖಾಲಿ ಬೇಲಿಯ ಮುಂದೆ ನಿಂತು ಕೆಮ್ಮುವುದನ್ನು ಯಾರಾದರೂ ನೋಡಿದ್ದರೆ ಏನೆಂದುಕೊಳ್ಳುತ್ತಿದ್ದರೋ. ಅಪ್ಪ ಸತ್ತಾಗಲೂ ನನಗೆ ಅಪ್ಪ ಅಷ್ಟು ದೂರ ಹೋದರು ಎನಿಸಿರಲಿಲ್ಲ. ಆ ಬೆಳಿಗ್ಗೆ ಅನಿಸಿತು. ನನಗೆ ಅಕ್ಕಿ ಬೇಕಿರಲಿಲ್ಲ, ಗದ್ದೆಯೂ ನನ್ನದಾಗಿರಲಿಲ್ಲ. ಆ ಚಪ್ಪಲಿ ಹಿಡಿದು ನಿಲ್ಲುವುದು, ಆ ಪಚಪಚ ಸದ್ದು, ನನ್ನನ್ನು ನೋಡದೆಯೇ ನನಗಾಗಿ ನಿಂತ ಒಬ್ಬರು, ಇಷ್ಟು ಬೇಕಿತ್ತು. ಇನ್ನೊಂದು ಸಲ ಸಾಕು, ಎಂದು ಬೇಡಿಕೊಂಡೆ. ಯಾರನ್ನು ಎಂದು ಕೇಳಿದರೆ ಹೇಳಲಾರೆ.

ಬರುವಾಗ ಸ್ಟೇಷನ್ ಹತ್ತಿರ ಚೆಂಡುಹೂವಿನ ರಾಶಿಯ ಪಕ್ಕದಲ್ಲೇ ಭತ್ತದ ತೆನೆಗಳನ್ನು ಕಟ್ಟುಕಟ್ಟಾಗಿ ಮಾರಲು ಇಟ್ಟಿದ್ದರು. ದಸರೆಯ ತೋರಣಕ್ಕೆ ಇಲ್ಲಿಯವರೂ ಬಳಸುತ್ತಾರೆ. ಒಂದು ಕಟ್ಟು ತಂದೆ. ಅಮ್ಮ ಅದನ್ನು ಮುಟ್ಟಲಿಲ್ಲ. ‘ಕೊಂಡ್ಕಂಡ್ ಬಂದದ್ ಕದ್ರ್ ಅಲ್ಲ ಮಗಾ,’ ಎಂದರು. ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ, ಅಜ್ಜಿಗೂ ನಾನಿ ಎನ್ನುತ್ತಾಳೆ. ಆನ್‌ಲೈನಿನಲ್ಲಿ ತರಿಸಬಹುದು ನಾನಿ, ಅದು ಅಂಗಡಿಯದ್ದಲ್ಲವಲ್ಲ ಎಂದಳು. ಅಮ್ಮನಿಗೆ ನಗು ಬಂತು, ಅಷ್ಟೇ. ಹೊಸ ಕದಿರು ಕಟ್ಟುವಾಗ ಹಳೆಯದನ್ನು ಬಿಚ್ಚಿ ತೆಗೆಯುವುದು ವಾಡಿಕೆ. ಆ ವರ್ಷ ಹಳೆಯದನ್ನು ಬಿಚ್ಚಲು ಅಮ್ಮ ಬಿಡಲಿಲ್ಲ. ಬಾಗಿಲ ಮೇಲೆ, ನಲ್ಲಿಯ ಮೇಲೆ, ಡಬ್ಬದ ಮೇಲೆ ಧೂಳು ಹಿಡಿದ ಕದಿರುಗಳು ಹಾಗೆಯೇ ಉಳಿದವು. ಗುಬ್ಬಚ್ಚಿಗಳು ಬಾಗಿಲಿನದನ್ನು ಸುಲಿದು ತಿಂದವು, ಬರೀ ಹುಲ್ಲು ನೇತಾಡುತ್ತಿತ್ತು. ಕಸ ಗುಡಿಸಲು ಬರುವ ಹೆಂಗಸು ಅದನ್ನು ತೆಗೆಯಲು ಹೋದರೆ ಅಮ್ಮ ಗದರುತ್ತಿದ್ದರು.

ಮರು ವರ್ಷ ನವರಾತ್ರಿ ಬಂದಾಗ ನಾನು ಎಲ್ಲಿಗೂ ಹೋಗಲಿಲ್ಲ. ಕಚೇರಿಗೆ ಹೊರಡಲು ತಲೆ ಬಾಚಿಕೊಳ್ಳುತ್ತಿದ್ದೆ. ಹಳೆಯ ಕಟ್ಟಡ ಕೆಡವಿ ಅದೇ ಜಾಗದಲ್ಲಿ ಎಬ್ಬಿಸಿದ ಬಿಲ್ಡಿಂಗ್ ಈಗ ನಮ್ಮದು, ಕೆಳಗಿನಿಂದ ವಾಚ್‌ಮನ್ ಇಂಟರ್‌ಕಾಮ್ ಮಾಡಿದ. ಯಾರೋ ಒಬ್ಬ ಮುದುಕ ಬಂದಿದ್ದಾನೆ, ಪ್ರೆಸ್ಸಿನ ಅಣ್ಣನ ಬಿಲ್ಡಿಂಗ್ ಇದೇನಾ ಎಂದು ಕೇಳಿದ, ನಾನು ಹೌದು ಎಂದ ಮೇಲೆ ಒಂದು ಬಕೆಟ್ಟು ಕೆಳಗಿಟ್ಟು ರಸ್ತೆಯ ಕಡೆ ಮುಖ ಮಾಡಿ ನಿಂತುಬಿಟ್ಟಿದ್ದಾನೆ, ಏನು ಕೇಳಿದರೂ ಮಾತಿಲ್ಲ, ಕಳಿಸಿಬಿಡಲೇ ಎಂದ. ನಾನು ಬಾಚಣಿಗೆ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿದೆ. ಏನೆಂದು ಅಮ್ಮ ಕೇಳಿದರು, ಹೇಳಿದೆ. ಮಂಡಿನೋವಿನಿಂದ ತಿಂಗಳುಗಟ್ಟಲೆ ಕೆಳಗಿಳಿಯದ ಅಮ್ಮ ಗೋಡೆ ಹಿಡಿದುಕೊಂಡು ನನ್ನ ಹಿಂದೆಯೇ ಲಿಫ್ಟಿಗೆ ಬಂದರು.

ಗೇಟಿನ ಒಳಗೆ, ಸ್ಕೂಟರುಗಳ ಸಾಲಿನ ಪಕ್ಕ, ಹಳೆಯ ಪೇಂಟಿನ ಬಕೆಟ್ಟು. ಅದರಲ್ಲಿ ಕೆಸರು, ಕೆಸರಿನಲ್ಲಿ ಭತ್ತ. ಎಲ್ಲೋ ತಾರಸಿಯ ಮೇಲೆ ಬೆಳೆಸಿರಬೇಕು. ಪೈರು ಬಡಕಲಾಗಿತ್ತು, ಆದರೆ ಕದಿರು ಬಿಟ್ಟಿತ್ತು, ಬಾಗಿತ್ತು. ಅದರಾಚೆ ಬೆನ್ನು. ಅದೇ ಬನಿಯನ್, ಅದೇ ಟವೆಲು. ಬಲಭುಜ ಇನ್ನಷ್ಟು ವಾಲಿತ್ತು. ಬಕೆಟ್ಟನ್ನು ಎಲ್ಲಿಂದ ಹೇಗೆ ಹೊತ್ತು ತಂದರೋ, ಕುತ್ತಿಗೆಯ ಬೆವರು ಇನ್ನೂ ಆರಿರಲಿಲ್ಲ. ವಾಚ್‌ಮನ್ ಏನೋ ಹೇಳಲು ಬಾಯಿ ತೆರೆದ, ನಾನು ಕೈ ಸನ್ನೆ ಮಾಡಿ ಸುಮ್ಮನಿರಿಸಿದೆ. ಕಾಕಾ ಎಂದು ಕೂಗಬೇಕು, ಎದುರಿಗೆ ಹೋಗಿ ಕಾಲು ಮುಟ್ಟಬೇಕು, ಆ ಮುಖವನ್ನು ಕಣ್ತುಂಬ ನೋಡಬೇಕು ಎಂದು ಬಹಳ ಆಸೆಯಾಯಿತು. ಹೋಗಲಿಲ್ಲ, ಹೋಗುವಂತಿರಲಿಲ್ಲ.

ಬಕೆಟ್ಟಿನ ಹತ್ತಿರ ಬಗ್ಗಿದವರು ಅಮ್ಮ. ಇಷ್ಟು ವರ್ಷ ಗದ್ದೆಗೆ ಬಾರದವರು ಸ್ಕೂಟರಿನ ಸೀಟು ಹಿಡಿದು ಮಂಡಿ ಮಡಚಿ, ಒಂದೊಂದೇ ಕದಿರನ್ನು ಮುರಿದು ಸೆರಗಿಗೆ ಹಾಕಿಕೊಂಡರು. ಎಲ್ಲವನ್ನೂ ತೆಗೆಯಲಿಲ್ಲ, ಒಂದನ್ನು ಬಿಟ್ಟರು. ನಾನು ಕೈ ಕೊಟ್ಟು ಎಬ್ಬಿಸಿದೆ. ಇನ್ನು ಕೆಮ್ಮಬೇಕಾದದ್ದು ನಾನು. ನಾನು ಕೆಮ್ಮುವ ಮೊದಲೇ ಅಮ್ಮ ಆ ಬೆನ್ನಿನ ಹತ್ತಿರ ಎರಡು ಹೆಜ್ಜೆ ಹೋಗಿ ನಿಂತು, ಸೆರಗು ಹಿಡಿದ ಕೈಯನ್ನು ಎದೆಗೊತ್ತಿಕೊಂಡು, ಅಪ್ಪನನ್ನು ಕೇಳುತ್ತಿದ್ದ ಅದೇ ಸಣ್ಣ ದನಿಯಲ್ಲಿ ಕೇಳಿದರು.

‘ನಾನ್ ಹೊಸ್ತ್ ಉಣ್ಲಾ?’

ಅವರಿಗೆ ಕನ್ನಡದ ಒಂದು ಶಬ್ದವೂ ಬರುವುದಿಲ್ಲ. ಒಂದು ರಿಕ್ಷಾ ಹೋಯಿತು. ಆಮೇಲೆ, ತಿರುಗದೆಯೇ, ತಲೆಯಿಂದ ಟೋಪಿ ತೆಗೆದು ‘ಹೋ’, ಅಂದರೆ ಹೌದು, ಎಂದರು.

ನಾನು ಕೆಮ್ಮಿದೆ. ಅವರು ಬಕೆಟ್ಟನ್ನು ಅಲ್ಲಿಯೇ ಬಿಟ್ಟು, ರಸ್ತೆಯ ಅಂಚು ಹಿಡಿದು ಖಾಡಿಯ ಕಡೆಗೆ ನಡೆದುಹೋದರು. ಅಂದು ಊಟಕ್ಕೆ ಕೂತಾಗ ಅಮ್ಮನ ಕೈ ತಟ್ಟೆಯ ಮೇಲೆ ನಿಲ್ಲಲಿಲ್ಲ. ಬಡಿಸಿದ ಕೂಡಲೇ ಉಂಡರು.